ಸುಮತಿ ಅಕ್ಕೋರ ಬಟಾಣಿ ಕಾಳು

ಆ ಪಾಠದ ದಿನ ಸುಮತಿ ಅಕ್ಕೋರು ಸೆರಗಿನ ತುದಿಗೆ ಒಂದು ಬಟಾಣಿ ಕಾಳು ಕಟ್ಟಿಕೊಂಡು ತರಗತಿಗೆ ಬಂದಿದ್ದರು. ಉಳಿದ ಮಾಸ್ತರರು ‘ಮನ್ಯಾಗ ಓದ್ಕೋರಿ’ ಎಂದು ದಾಟಿಸಿಬಿಡುತ್ತಿದ್ದ ಸಂತಾನೋತ್ಪತ್ತಿಯ ಪಾಠ ಅದು. ಅಕ್ಕೋರು ಗಂಟು ಬಿಚ್ಚಿ ಕಾಳನ್ನು ಅಂಗೈ ಮೇಲಿಟ್ಟು ತೋರಿಸಿದರು.

“ಇಷ್ಟ ಸಣ್ಣ ಗ್ರಂಥಿ ಮಿದುಳಿನ ಬುಡಕ ಅದ. ಹುಕುಂ ಇಲ್ಲಿಂದ ಹೊರಡತದ. ರಕ್ತದಾಗ ಹರಕೊಂಡು ಹೆಂಗಸರ ಅಂಡಾಶಯಕ್ಕೂ ಹೋಗತದ, ಗಂಡಸರ ವೃಷಣಕ್ಕೂ ಹೋಗತದ. ಹಿಂದಿನ ಬೆಂಚಿನವರು ನಕ್ಕು ಮುಗಸ್ರಿ, ನಾ ನಿಂತಿರ್ತೀನಿ.”

ನಕ್ಕವರಲ್ಲಿ ನಾನೂ ಒಬ್ಬ. ನಗೆ ಮುಗಿಯುವವರೆಗೆ ಕಾಳು ಹಿಡಿದು ನಿಂತೇ ಇದ್ದರು. ಸಿಟ್ಟು ಮಾಡುವವರಲ್ಲ, ಕಾಯುವವರು.

ಹತ್ತನೆಯದು ಮುಗಿಸಿ ಇಳಕಲ್ಲಿನ ನಮ್ಮ ಮನೆಯಲ್ಲಿ ಸೀರೆ ನೇಯುವ ಕುಣಿಮಗ್ಗಕ್ಕೆ ಇಳಿದೆ. ಗೌರವ್ವನನ್ನು ಮದುವೆಯಾದೆ. ಆರು ವರ್ಷ ಮಕ್ಕಳಾಗಲಿಲ್ಲ. ನಮ್ಮವ್ವ ಅವಳನ್ನು ಎದುರಿಗೇ ಬಂಜಿ ಎನ್ನುತ್ತಿದ್ದಳು. ಓಣಿಯಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ ಕುಬಸ ಮಾಡಿದರೆ ಗೌರವ್ವನಿಗೆ ಕರೆ ಬರುತ್ತಿರಲಿಲ್ಲ. ಆ ಹಸಿರು ಸೀರೆಗಳನ್ನು ನೇಯುತ್ತಿದ್ದವನು ನಾನು. ಅದಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದವಳು ಅವಳು.

ಒಮ್ಮೆ ಸೀರೆ ಕೊಳ್ಳಲು ಬಂದ ಅಕ್ಕೋರ ಮುಂದೆಯೇ ಅವ್ವ ನನಗೆ ಎರಡನೆಯ ಹೆಣ್ಣು ನೋಡುವ ಮಾತು ತೆಗೆದಳು. ಅಕ್ಕೋರು ನನ್ನನ್ನು ಹೊರಗೆ ಕರೆದರು.

“ಆಕಿನ್ನ ದವಾಖಾನಿಗೆ ತೋರಿಸಿದಿ. ನಿನ್ನ ತೋರಿಸಿದ್ಯೇನು?”

“ನನಗೇನಾಗೇತ್ರೀ ಅಕ್ಕೋರ?”

“ನಗೂದ್ರಾಗ ಪಾಠಾನ ಬಿಟ್ಟಿ ನೀ.”

ಅವರೇ ನನ್ನೊಬ್ಬನನ್ನು ಬಸ್ಸಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದರು. ತಪಾಸಣೆಯಾಯಿತು. ಗೌರವ್ವನ ಹಳೆಯ ಚೀಟಿಗಳನ್ನು ನೋಡಿದ ವೈದ್ಯರು ಅವಳಲ್ಲಿ ದೋಷವಿಲ್ಲವೆಂದರು. ಆ ಕಾಳಿನಷ್ಟು ಗ್ರಂಥಿ ನನ್ನ ತಲೆಯಲ್ಲಿ ಸಾಕಷ್ಟು ಹಾರ್ಮೋನು ಬಿಡುತ್ತಿರಲಿಲ್ಲ. ಕೆಲವು ತಿಂಗಳು ಚುಚ್ಚುಮದ್ದು ತೆಗೆದುಕೊಂಡರೆ ಮಕ್ಕಳಾಗುವ ಆಸೆ ಇದೆ ಎಂದು ವೈದ್ಯರು ಹೇಳಿ ಕಾಗದ ಬರೆದುಕೊಟ್ಟರು.

ತಿರುಗಿ ಬರುವಾಗ ನಾನು ಆಗಲ್ಲ ಎಂದೆ. “ತಿಂಗಳಾನಗಟ್ಲೆ ಸೂಜಿ ಚುಚ್ಚಿಸ್ಕೊಂಡ್ರ ಮಂದಿ ಏನಂದಾರ್ರಿ?”

“ಮಂದಿ ಆಮ್ಯಾಲ. ಮೊದಲ ಹೆಂಡತಿಗೆ ಹೇಳು.”

“ನೀವ ಹೇಳ್ರಿ.”

“ಶರೀರ ನಿಂದು, ಮಾತೂ ನಿಂದು. ನಾ ಬಾಯಿ ಹಾಕೂದಿಲ್ಲ.”

ಕಾಗದವನ್ನು ಮಗ್ಗದ ಕುಣಿಯ ಗೂಡಿನಲ್ಲಿಟ್ಟು ಮೇಲೆ ಹಲಗೆ ಮುಚ್ಚಿದೆ. ಎರಡನೆಯ ಮದುವೆ ಬೇಡವೆಂದು ಅವ್ವನಿಗೆ ಹೇಳಿದೆ, ಅಷ್ಟೇ. ಬಂಜಿಯನ್ನು ಕೈಬಿಡದ ದೊಡ್ಡ ಮನಸ್ಸಿನವನೆಂದು ಓಣಿಯೆಲ್ಲ ನನ್ನನ್ನು ಹೊಗಳಿತು. ಗೌರವ್ವನೂ ಹಾಗೇ ನಂಬಿದಳು. ಆ ಹೊಗಳಿಕೆಯನ್ನು ನಾನು ಬೇಡವೆನ್ನಲಿಲ್ಲ. ಅವ್ವ ಸಾಯುವವರೆಗೂ ಸೊಸೆಯನ್ನು ಅದೇ ಮಾತಿನಿಂದ ಕರೆದಳು.

ಅಕ್ಕೋರು ಸಂತೆಯಲ್ಲಿ ಸಿಕ್ಕರೂ, ಬಸ್ ನಿಲ್ದಾಣದಲ್ಲಿ ಸಿಕ್ಕರೂ ಕೇಳುತ್ತಿದ್ದುದು ಒಂದೇ: “ಹೇಳಿದ್ಯೇನೋ?” ನಾನು ತಲೆ ತಗ್ಗಿಸುತ್ತಿದ್ದೆ. ಅವರು ಕೊಡೆ ಬಿಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ಆಮೇಲಾಮೇಲೆ ಆ ಕೊಡೆ ದೂರದಲ್ಲಿ ಕಂಡರೆ ಸಾಕು, ನಾನು ರಸ್ತೆ ದಾಟುತ್ತಿದ್ದೆ.

ಹೋದ ವರ್ಷ ಅಕ್ಕೋರು ಬಾದಾಮಿಯಲ್ಲಿ ತಮ್ಮನ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ಗೌರವ್ವ ನೋಡಲೇಬೇಕೆಂದಳು, ಇಬ್ಬರೂ ಹೋದೆವು. ಅವರು ಮನೆಯವರ ಗುರುತನ್ನೇ ಹಿಡಿಯುತ್ತಿರಲಿಲ್ಲ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ಹೇಳಿದ್ಯೇನೋ?”

“ಏನ್ ಹೇಳೂದ್ರಿ ಅಕ್ಕೋರ?” ಗೌರವ್ವ ಕೇಳಿದಳು.

ಅಕ್ಕೋರು ಕಣ್ಣು ಮುಚ್ಚಿಕೊಂಡರು. ಆಗಲೂ ಬಾಯಿ ಹಾಕಲಿಲ್ಲ.

ಅವರ ಮಂಚದ ಪಕ್ಕ ನೆಲದ ಮೇಲೆ ಕುಳಿತು ನಾನು ಎಲ್ಲವನ್ನೂ ಹೇಳಿದೆ. ಗೌರವ್ವ ಅಕ್ಕೋರ ಪಾದಗಳ ಮೇಲಿಂದ ಸರಿದಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದಳು.

“ನಿಮ್ಮವ್ವ ಇದ್ದಾಗ ಹೇಳಬೇಕಿತ್ತು,” ಎಂದಳು.

ಎಂಟು ದಿನಕ್ಕೆ ಅಕ್ಕೋರು ತೀರಿಕೊಂಡರು. ಆ ಕಾಗದ ಈಗ ಗೌರವ್ವನ ಟ್ರಂಕಿನಲ್ಲಿದೆ. ಉಳಿದ ಬಣ್ಣದ ಕಂಡಿಕೆಗಳನ್ನು ಅವಳು ಮೊದಲಿನಂತೆಯೇ ಸುತ್ತಿಕೊಡುತ್ತಾಳೆ. ಹಸಿರನ್ನು ಮುಟ್ಟುವುದಿಲ್ಲ. ಅದನ್ನು ನಾನೇ ಸುತ್ತಿಕೊಳ್ಳುತ್ತೇನೆ.