ಡಾನ್ ಎಲಿಹಿಯೊ ಜೇಬಿನ ಚುಟ್ಟ

ನಮ್ಮ ತಂಬೊರಿಲ್‌ನಲ್ಲಿ ಚುಟ್ಟ ಸುತ್ತಲು ಬಾರದವರು ಇಬ್ಬರೇ: ಒಬ್ಬರು ಪಾದ್ರಿ, ಇನ್ನೊಬ್ಬ ಕೋಳಿಗಳಿಗೆ ಚುಚ್ಚುಮದ್ದು ಹಾಕುವ ಒಸಿರಿಸ್. ಯಾನೆಲಿಸ್‌ಗೆ ಇಡೀ ಊರಿನಲ್ಲಿ ಮನಸ್ಸಾದದ್ದು ಈ ಒಸಿರಿಸ್ ಮೇಲೆ. ಪಾದ್ರಿಯ ಮೇಲೆ ಆಗಿದ್ದರೂ ಅವಳ ಅಪ್ಪ ಇಷ್ಟು ಕುಣಿಯುತ್ತಿರಲಿಲ್ಲವೇನೋ.

ಅಪ್ಪ ಎಂದರೆ ಡಾನ್ ಎಲಿಹಿಯೊ, ಆರು ಮೇಜಿನ ಪುಟ್ಟ ಚುಟ್ಟದ ಕಾರ್ಖಾನೆಯ ಧಣಿ. ಅವರ ಪಕ್ಕದ ಮೇಜಿನಲ್ಲಿ ನಾನು ಮೂವತ್ತು ವರ್ಷದಿಂದ ಎಲೆ ಸುತ್ತುತ್ತಿದ್ದೇನೆ. ಯಾನೆಲಿಸ್‌ಳನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದವಳೂ ನಾನೇ, ಹಾಗಾಗಿ ಅವರಿಗೆ ನಾನು ಮಗಳ ಜ್ಞಾನತಾಯಿ, ‘ಕೊಮಾದ್ರೆ’. ಆ ಸಲಿಗೆಯಿಂದ ಹೇಳುತ್ತೇನೆ, ಅವರಂಥ ಇನ್ನೊಬ್ಬ ಮೊಂಡರನ್ನು ನಾನು ಕಂಡಿಲ್ಲ.

ಆದರೆ ಯಾರಿಗೆ ಎಂಥ ಚುಟ್ಟ ಎಂಬ ವಿಷಯದಲ್ಲಿ ಅವರದೇ ಕಡೆಯ ಮಾತು. ಬಂದವನನ್ನು ಕೂರಿಸಿ, “ಬೆಳಿಗ್ಗೆ ಏನು ತಿಂದೆ? ಕಾಫಿಗೆ ಎಷ್ಟು ಚಮಚ ಸಕ್ಕರೆ? ಇದುವರೆಗೆ ಎಷ್ಟು ಸೇದಿದ್ದೀಯ?” ಎಂದು ಕೇಳುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಬಂದವನನ್ನು ಮೊದಲು ಬಾಳೆಕಾಯಿ ತಿಂದು ಬಾ ಎಂದು ಅಟ್ಟುತ್ತಿದ್ದರು. ಹೊಸಬನಿಗೆ ಗಿಡದ ಬುಡದ ಎಲೆಗಳದ್ದು, ಅದಕ್ಕೆ ಘಾಟು ಕಡಿಮೆ. ನಾಲ್ಕಾರು ವರ್ಷ ಸೇದಿದವನಿಗೆ ನಡುವಿನ ಎಲೆಗಳದ್ದು. ತುದಿಯ ಎಲೆ ಬಿಸಿಲು ಕುಡಿದು ಕೊಬ್ಬಿರುತ್ತದೆ, ಅದನ್ನು ಒತ್ತಿ ತುಂಬಿದ ಚುಟ್ಟ ಪಳಗಿದ ಎದೆಗೆ ಮಾತ್ರ.

“ಮೇಲಿನ ಎಲೆ ಕಪ್ಪಗಿದೆ ಅಂತ ಹೆದರಬೇಡ, ಬೆಳ್ಳಗಿದೆ ಅಂತ ಹಾರಾಡಬೇಡ. ಘಾಟು ಇರೋದು ಹೊಟ್ಟೆಯೊಳಗೆ,” ಎನ್ನುವುದು ಅವರ ದಿನನಿತ್ಯದ ಪಾಠ. ಯಾವನಾದರೂ ಬಂದು, ಇರುವುದರಲ್ಲೇ ಜೋರಿನದು ಕೊಡಿ ಎಂದರೆ ಅವನ ಕೈಗೆ ಎಲ್ಲಕ್ಕಿಂತ ಮೆತ್ತಗಿನದನ್ನು ಇಡುತ್ತಿದ್ದರು. “ಜೋರು ಬಾಯಲ್ಲೇ ಇದೆಯಲ್ಲಪ್ಪ, ಚುಟ್ಟದಲ್ಲಿ ಬೇರೆ ಯಾಕೆ?”

ಅವರ ಅಂಗಿಯ ಜೇಬಿನಲ್ಲಿ ಮಾತ್ರ ಸದಾ ಒಂದು ದಪ್ಪ ಕರಿ ಚುಟ್ಟ. ಬರೀ ತುದಿ ಎಲೆಯದು. ಅದನ್ನು ಪೂರ್ತಿ ಸೇದಬಲ್ಲವನು ಊರಿಗೆ ತಾನೊಬ್ಬನೇ ಎಂದು ಅವರ ಜಂಬ.

ಎರಡು ವರ್ಷದ ಹಿಂದೆ ಅವರಿಗೆ ಎದೆನೋವು ಬಂತು. ಡಾಕ್ಟರು ಚುಟ್ಟ ಬಿಡಿ ಎಂದರು, ಇವರು ಡಾಕ್ಟರನ್ನೇ ಬಿಟ್ಟರು. ಯಾನೆಲಿಸ್ ನನ್ನ ಮುಂದೆ ಕೂತು ಅತ್ತಳು. ಪೂರ್ತಿ ಬಿಡಿಸುವುದು ನಮ್ಮಪ್ಪನಾಣೆ ಆಗದ ಕೆಲಸ. ಹಾಗಾಗಿ ಅಂದಿನಿಂದ ಅವರ ಚುಟ್ಟಕ್ಕೆ ಮೇಲೆ ಅದೇ ಕಪ್ಪು ಎಲೆ, ಒಳಗೆ ಬರೀ ಬುಡದ ಎಲೆ. ಸುತ್ತಿದವಳು ನಾನು. ಊರಿಗೆಲ್ಲ ಪಾಠ ಹೇಳಿದವರು ಬಣ್ಣ ನೋಡಿ ಮೋಸಹೋದರು. “ಆಹಾ, ಎದೆಗೆ ಗುದ್ದುತ್ತೆ,” ಎಂದು ಕಣ್ಣು ಮುಚ್ಚಿ ಹೊಗೆ ಬಿಡುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಒಸಿರಿಸ್ ಇಸ್ತ್ರಿ ಅಂಗಿ ಹಾಕಿಕೊಂಡು ಹೆಣ್ಣು ಕೇಳಲು ಬಂದ. ಯಾನೆಲಿಸ್ ಅವನಿಗೆ ಏನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಿದ್ದಳು. ಹೆಣ್ಣು ಕೇಳಲು ಬಂದವರಿಗೆ ಮಾತ್ರ ಅವಳಪ್ಪ ತಟ್ಟೆ ಇಟ್ಟು, ತಾವೇ ಆರಿಸಿಕೊಳ್ಳಲು ಬಿಡುತ್ತಿದ್ದರು. ಹಿಂದೆ ಬಂದ ಇಬ್ಬರು ಗಂಡುಗಳು ಜೋರಿನದನ್ನೇ ಆರಿಸಿಕೊಂಡಿದ್ದರು. ಒಬ್ಬ ಕಿತ್ತಳೆ ಗಿಡದ ಬುಡದಲ್ಲಿ ವಾಂತಿ ಮಾಡಿದ, ಇನ್ನೊಬ್ಬ ಹೆದ್ದಾರಿ ದಾಟಿದವನು ಮತ್ತೆ ಮುಖ ತೋರಿಸಲಿಲ್ಲ.

“ಯಾವುದು ಬೇಕು?” ಎಂದು ಡಾನ್ ಎಲಿಹಿಯೊ ತಟ್ಟೆ ಮುಂದೆ ಮಾಡಿದರು.

“ನಂಗೆ ಗೊತ್ತಿಲ್ಲ, ಡಾನ್ ಎಲಿಹಿಯೊ. ಯಾವತ್ತೂ ಸೇದಿಲ್ಲ. ನೀವೇ ಆರಿಸಿಕೊಡಿ.”

ಇದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ಆದರೆ ಮಗಳನ್ನು ಕಳಿಸುವ ಸಂಕಟವೋ ಏನೋ, ಡಾನ್ ಎಲಿಹಿಯೊ ನಲವತ್ತು ವರ್ಷದ ಧರ್ಮ ಬಿಟ್ಟು ಜೇಬಿನ ಕರಿ ಚುಟ್ಟವನ್ನೇ ತೆಗೆದು ಅವನ ಕೈಗಿಟ್ಟರು.

“ಗಂಡಸಾದ್ರೆ ಸೇದು.”

ಆರೂ ಮೇಜಿನಲ್ಲಿ ಕೆಲಸ ನಿಂತಿತು. ಒಬ್ಬ ಬಕೆಟ್ ತಂದಿಟ್ಟ. ನನಗೂ ಯಾನೆಲಿಸ್‌ಗೂ ಬೇರೆಯದೇ ಚಿಂತೆ: ಇವನಿಗೇನೂ ಆಗದಿದ್ದರೆ ಗತಿ ಏನು?

ಏನೂ ಆಗಲಿಲ್ಲ. ಅರ್ಧ ಸೇದಿದ. ಬೀಳು, ಬೀಳು ಎಂದು ಯಾನೆಲಿಸ್ ಕಣ್ಣಲ್ಲೇ ಸನ್ನೆ ಮಾಡಿದಳು.

“ಕಣ್ಣಿಗೆ ಏನಾದ್ರೂ ಬಿತ್ತಾ?” ಎಂದ ಆ ಪುಣ್ಯಾತ್ಮ.

“ತಲೆ ಸುತ್ತುತ್ತಿಲ್ವಾ?” ಎಂದರು ಡಾನ್ ಎಲಿಹಿಯೊ. ಅವರ ದನಿಯಲ್ಲಿ ಮೆಚ್ಚುಗೆ ಶುರುವಾಗಿತ್ತು. ಒಸಿರಿಸ್ ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮದುವೆ ಆಗಿಹೋಗುತ್ತಿತ್ತು.

“ಇಲ್ಲ. ಎಲ್ಲರೂ ಅಷ್ಟು ಹೆದರಿಸಿದ್ರು, ಇದು ಹಾಲಿದ್ದ ಹಾಗಿದೆಯಲ್ಲ.”

ಡಾನ್ ಎಲಿಹಿಯೊ ಮುಖ ಕೆಂಪಾಯಿತು. ಎದ್ದು ಹೋಗಿ, ಕಪಾಟಿನಿಂದ ಗಿರಾಕಿಗೆಂದು ಸುತ್ತಿಟ್ಟಿದ್ದ ನಿಜವಾದ ತುದಿ ಎಲೆಯ ಚುಟ್ಟ ತಂದರು. “ಇದೂ ಅದೇ. ಒಂದೇ ಜಾತಿ. ನೋಡು, ಸೇದೋದು ಹೇಗೆ ಅಂತ,” ಎಂದು ತಾವೇ ಹಚ್ಚಿದರು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಐದು ದಮ್ಮು ಎಳೆದಾಗಿತ್ತು.

ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ತುಟಿ ಬೆಳ್ಳಗಾಯಿತು. ಎಲೆಯ ಮೂಟೆಯ ಮೇಲೆ ದೊಪ್ಪನೆ ಕೂತರು. ಒಸಿರಿಸ್ ತನ್ನ ಕೈಯಲ್ಲಿದ್ದುದನ್ನು ಎಸೆದು ಓಡಿಹೋಗಿ, ಅವರ ಚುಟ್ಟವನ್ನೂ ಕಿತ್ತು ಬಿಸಾಕಿ, ಕಾಲರ್ ಬಿಚ್ಚಿ, ಜಡ್ಡು ಹಿಡಿದ ಹುಂಜವನ್ನು ಹಿಡಿಯುವಂತೆ ಅವರ ಕತ್ತು ಎತ್ತಿ ಹಿಡಿದು ಬಾಯಿಗೆ ಸಕ್ಕರೆ ನೀರು ಹಾಕಿದ. ಇವರಿಗೇನಾದರೂ ಆದರೆ ಕೊಂದವಳು ನಾನೇ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ನೆಲದ ಮೇಲಿದ್ದ ಎರಡೂ ಚುಟ್ಟ ಎತ್ತಿಕೊಂಡು ಉಗುರಿನಿಂದ ಹೊಟ್ಟೆ ಸೀಳಿ ನೋಡಿದರು.

“ಕೊಮಾದ್ರೆ. ಎಷ್ಟು ದಿನದಿಂದ?”

“ಎರಡು ವರ್ಷ.”

“ಇವಳೂ?”

“ಇವಳು ಅತ್ತಳು. ನಾನು ಸುತ್ತಿದೆ.”

ಅವರು ಬಹಳ ಹೊತ್ತು ಬುಡದ ಎಲೆಯ ಚೂರುಗಳನ್ನು ಬೆರಳಲ್ಲಿ ಉಜ್ಜುತ್ತಿದ್ದರು. “ಅದಕ್ಕೇ ಇನ್ನೂ ಬದುಕಿದ್ದೀನಾ?”

“ಅದು ನಂಗೊತ್ತಿಲ್ಲ. ಡಾಕ್ಟರು ಇದಕ್ಕೂ ಬೈತಿದ್ರು. ಆದ್ರೆ ಬದುಕಿದ್ದೀರಿ.”

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಮಗಳನ್ನು ನೋಡಿದರು, ಇನ್ನೂ ತಮ್ಮ ಕತ್ತು ಹಿಡಿದುಕೊಂಡೇ ಇದ್ದ ಒಸಿರಿಸ್‌ನನ್ನು ನೋಡಿದರು.

“ಯಾನೆಲಿಸ್, ಇವನಿಗೆ ಪ್ರಾಣ ಹೋದ್ರೂ ಸುಳ್ಳು ಹೇಳೋಕೆ ಬರಲ್ಲ,” ಎಂದರು. “ನಿಂಗೆ ಚೆನ್ನಾಗಿ ಬರುತ್ತೆ. ಒಂದು ಮನೆಗೆ ಒಬ್ಬರು ಸಾಕು. ಹೋಗಿ ಪಾದ್ರಿ ಹತ್ರ ದಿನ ಕೇಳ್ಕೊಂಡು ಬನ್ನಿ.”