ಮುಗಿಲು ನೋಡಬೇಕಿದ್ದ ಕರಿದಾರ

...ಕೆಂಪು ಅಂಚಿನ ಬಟ್ಟೆ ಎಂದು ಬರೆದು ಹೊಡೆದುಹಾಕಿದ್ದೇನೆ. ಅಂಚು ಹಸಿರಾಗಿತ್ತೇನೋ. ಅದು ಅವ್ವನ ಹಳೆಯ ಸೀರೆಯ ತುಂಡು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಈಗ ನೋಡಿದರೆ, ನೀರು ಸೋಸಲು ದವಾಖಾನೆಯವರೇ ಮನೆಮನೆಗೆ ಬಿಳಿ ಬಟ್ಟೆ ಹಂಚಿದ್ದೂ ನೆನಪಿಗೆ ಬರುತ್ತದೆ. ಎರಡೂ ನಿಜವಾಗಿರಲಾರವು. ನಾನು ಚಿಕ್ಕವನಿದ್ದಾಗ ಕಂಡದ್ದರಲ್ಲಿ ಆಣೆ ಮಾಡಿ ಹೇಳಬಹುದಾದದ್ದು ಇಷ್ಟೇ: ಆ ಬಟ್ಟೆಯ ಒಂದು ಮಗ್ಗುಲಿಗೆ ಕರಿದಾರದಲ್ಲಿ ಹೊಲಿದ ಗುರುತಿತ್ತು. ಹೊಲಿದವಳು ಅಕ್ಕ.

ಝಳಕಿಯಿಂದ ಒಳಗೆ ಗಾಡಿದಾರಿಯಲ್ಲಿ ಸಾಗಿದರೆ ನಮ್ಮೂರು. ಊರಿಗೆಲ್ಲ ಒಂದೇ ಮೆಟ್ಟಿಲಬಾವಿ. ಬಿಸಿಲು ಕಾಲು ಸುಡುವ ಹೊತ್ತಿನಲ್ಲೂ ಅದರ ಒಳಗಿನ ಕಲ್ಲು ತಣ್ಣಗಿರುತ್ತಿತ್ತು. ಪಾಚಿಯ ವಾಸನೆ, ಗೋಡೆಯ ಬಿರುಕಿನಲ್ಲಿ ಪಾರಿವಾಳದ ಗುಟುರು. ಬೇಸಿಗೆಯಲ್ಲಿ ನೀರು ತಳ ಮುಟ್ಟಿದಾಗ ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಕೊಡ ತುಂಬುತ್ತಿದ್ದರು. ಆ ನೀರಿನ ಸಿಹಿಯನ್ನು ನಾನು ಮತ್ತೆಲ್ಲೂ ಕುಡಿದಿಲ್ಲ. ಅದೇ ನೀರಿನಲ್ಲಿ ನಾರುಹುಣ್ಣೂ ಇತ್ತು.

ನಾರುಹುಣ್ಣು ಎಂದರೆ ಏನೆಂದು ನಿಮಗೆ ಗೊತ್ತಿರಲಾರದು, ಮಕ್ಕಳೇ. ನೀರಿನಲ್ಲಿ ಚುಕ್ಕೆಯಷ್ಟು ಸಣ್ಣ ಹುಳ ಇರುತ್ತದೆ. ಅದರ ಹೊಟ್ಟೆಯೊಳಗೆ ಇನ್ನೊಂದು ಹುಳದ ಮರಿ. ನೀರು ಕುಡಿದಾಗ ಆ ಮರಿ ನಮ್ಮ ಮೈ ಸೇರಿ, ಸದ್ದಿಲ್ಲದೆ ಒಂದು ವರ್ಷ ಬೆಳೆದು, ಮೊಳಕ್ಕಿಂತ ಉದ್ದವಾಗಿ, ಕಾಲಲ್ಲಿ ಗುಳ್ಳೆ ಎಬ್ಬಿಸಿ ಬಿಳಿ ದಾರದಂತೆ ಹೊರಗೆ ಬರುತ್ತದೆ. ಉರಿ ತಾಳದೆ ಆ ಕಾಲನ್ನು ಬಾವಿಯಲ್ಲಿಟ್ಟರೆ ಮತ್ತೆ ಮರಿಗಳು ನೀರಿಗೆ ಬೀಳುತ್ತವೆ. ಒಂದು ವರ್ಷ ಎಂದೆನಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಇದನ್ನೆಲ್ಲ ನಮಗೆ ಹೇಳಿದವರು ಸೈಕಲ್ಲಿನ ಮೇಲೆ ಬರುತ್ತಿದ್ದ ದವಾಖಾನೆಯ ಕಾರ್ಯಕರ್ತರು. ಊರಲ್ಲಿ ಅವರಿಗೆ ‘ಹುಳದ ಮಾಸ್ತರ’ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆಯಿಯೊಬ್ಬಳನ್ನು ಬಿಟ್ಟು. ಆಯಿ ಎಂದರೆ ಅಪ್ಪನ ತಾಯಿ. “ನಮ್ಮ ಮಾವಾರ ಕಾಲದಿಂದ ಇದ ನೀರು ಕುಡದೇವಿ. ಈಗ ನಿನ್ನ ಕಣ್ಣಿಗೆ ಹುಳಾ ಕಂಡಾವು?” ಎಂದು ಅವಳು ಕೇಳಿದರೆ, ಅವರು ನಕ್ಕು, ಹೌದ್ರಿ ಆಯಿ, ನನ್ನ ಕಣ್ಣ ಹಂಗ ಅದಾವ್ರಿ ಎನ್ನುತ್ತಿದ್ದರು. ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವುದನ್ನು ಅಕ್ಕನಿಗೆ ಕಲಿಸಿದರು. ಬಟ್ಟೆಯ ಮೇಲ್ಮೈ ಯಾವುದೆಂದು ಮರೆಯದಂತೆ ಗುರುತು ಹೊಲಿಸಿದರು.

“ಈ ಕರೀ ದಾರ ಯಾವಾಗ್ಲೂ ಮುಗಿಲ ನೋಡಬೇಕವ್ವಾ. ಕೊಡಾ ನೋಡ್ತಂದ್ರ, ಸೋಸಿದ ಹುಳಾ ಎಲ್ಲಾ ಕೊಡದಾಗ.”

ಅಕ್ಕ ಆಗ ಆರನೇ ಇಯತ್ತೆ. ಮರುವರ್ಷ ಮುಲ್ಕಿ, ಅಂದರೆ ಏಳನೇ ಇಯತ್ತೆಯ ದೊಡ್ಡ ಪರೀಕ್ಷೆ. ಅದು ಪಾಸಾದರೆ ಅಕ್ಕೋರಾಗಿ ಯಾವುದಾದರೂ ಸಾಲೆಯಲ್ಲಿ ಕಲಿಸಬಹುದು ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಹಟ್ಟಿಯ ಗೋಡೆಗೆ ಸುಣ್ಣದ ಚೂರಿನಿಂದ ಬರೆದು ಆಡುಗಳಿಗೆ ಪಾಠ ಹೇಳುತ್ತಿದ್ದಳು. ನಾನು ಆಡುಗಳ ಸಾಲಿನಲ್ಲೇ ಕೂಡಬೇಕಿತ್ತು.

ಆ ಯುಗಾದಿಯ ಬೆಳಿಗ್ಗೆ. ಅಕ್ಕ ಮೊದಲ ಕೊಡವನ್ನು ಸೋಸಿಟ್ಟು, ಬೇವಿನ ಹೂವು ತರಲು ಹೋದಳು. ಎರಡನೆಯದು ದೇವರ ಮುಂದಿಡುವ ಕೊಡ. ಮೊದಲ ಕೊಡ ಸೋಸಿದ ಬಟ್ಟೆ ಇನ್ನೂ ಹಸಿಯಾಗಿತ್ತು, ತೊಳೆದಿರಲಿಲ್ಲ. ನಾನು ಅದನ್ನು ಕೊಡದ ಬಾಯಿಗೆ ಕಟ್ಟುತ್ತಿದ್ದಾಗ ಆಯಿ ನೋಡಿದಳು. ಹಬ್ಬದ ದಿನ, ದೇವರ ಕೊಡದ ಬಾಯಿಯ ಮೇಲೆ ಕರಿ ಬಣ್ಣ.

“ಅಪಶಕುನ ಅದು. ತಿರುವಿ ಕಟ್ಟಪ್ಪಾ” ಎಂದಳು.

ತಿರುವಿ ಕಟ್ಟಿದೆ. ನೀರು ಸುರಿದೆ. ಜಳಜಳ ಸದ್ದು ಎಂದಿನಂತೆಯೇ ಇತ್ತು. ಆಯಿ ಬಟ್ಟೆ ಬಿಚ್ಚಿ, ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಪೂಜೆಯ ನಂತರ ಅದೇ ನೀರಿಗೆ ಬೆಲ್ಲ, ಪುಟಾಣಿ, ಬೇವಿನ ಹೂವು ಹಾಕಿ ಅಕ್ಕ ಬೇವು ಕಲಸಿದಳು. ಎಲ್ಲರೂ ಕುಡಿದೆವು. ಅಕ್ಕ ಎರಡು ಬಟ್ಟಲು ಕುಡಿದಳು ಎಂದು ನನ್ನ ನೆನಪು. ಈ ಎರಡನೆಯ ಬಟ್ಟಲನ್ನು ನಾನೇ ಆಮೇಲೆ ಸೇರಿಸಿದೆನೋ ಏನೋ.

ಮುಂದಿನ ಯುಗಾದಿಗೆ ಇನ್ನೂ ಸ್ವಲ್ಪ ದಿನವಿದ್ದಾಗ ಅಕ್ಕನ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ಮನೆಯಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ಮಾಸ್ತರರು ಬಂದು, ಹೊರಗೆ ಕಂಡ ಹುಳದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ಪಟ್ಟಿ ಕಟ್ಟಿದರು. ದಿನಕ್ಕೆ ಬೆರಳಷ್ಟೇ ಸುತ್ತಬೇಕು. ಎಳೆದರೆ ಒಳಗೇ ಹರಿಯುತ್ತದೆ, ಹರಿದರೆ ಕಾಲಿಗೆ ಕೇಡು. ನಾನು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಬೆವರಿನಲ್ಲಿ ತೊಯ್ದ ಮುಖವೆತ್ತಿ ಅಕ್ಕ, “ನೋಡಾಕ ಬಂದಿಯೇನಲೇ? ಮದಲ ತಿಕೀಟು ತಗಿ” ಎಂದಳು.

ಮಾಸ್ತರರು ಕೈ ತೊಳೆಯುತ್ತ, ನೀರು ಸೋಸುತ್ತಿದ್ದಿರಲ್ಲ, ಮತ್ತೆ ಇದು ಹೇಗೆ, ಹೋದ ವರ್ಷ ಈ ದಿನಗಳಲ್ಲಿ ಸೋಸದ ನೀರು ಯಾರಾದರೂ ಕುಡಿದಿರೇ ಎಂದು ಕೇಳಿದರು. ಆಯಿ ಒಲೆಯ ಕಡೆ ತಿರುಗಿದಳು. ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅಕ್ಕ ಹೇಳಿದಳು.

“ನಾನ ಕುಡದಿರ್ತೇನ್ರಿ. ಹೊಲದಾಗ ಕಸಾ ತಗಿಯಾಕ ಹೋದಾಗ. ನೀರಡಿಕಿ ಆಗಿತ್ತು.”

ಮಾಸ್ತರರು ಅದನ್ನೇ ಬರೆದುಕೊಂಡರು.

ಪರೀಕ್ಷೆ ತಾಲೂಕಿನ ಊರು ಇಂಡಿಯಲ್ಲಿ. ಅಪ್ಪ ಝಳಕಿಯ ತನಕ ಗಾಡಿ ಹೊಡೆದು, ಬಸ್ಸು ಹತ್ತಿಸಿ, ಅಕ್ಕನನ್ನು ಬೆನ್ನ ಮೇಲೆ ಹೊತ್ತು ಪರೀಕ್ಷೆಯ ಕೋಣೆಗೆ ಮುಟ್ಟಿಸಿದ. ಮೊದಲ ದಿನದ ಪೇಪರು ಚಲೋ ಆಯಿತಂತೆ. ಬರುವಾಗ ಬಸ್ಸಿನ ನೂಕುನುಗ್ಗಲಿನಲ್ಲಿ ಯಾರದೋ ಚೀಲ ಕಾಲಿಗೆ ತಾಗಿ ಕಡ್ಡಿ ಕಿತ್ತು ಬಂತು. ಹುಳ ಒಳಗೇ ಹರಿಯಿತು. ಮರುದಿನ ಕಾಲು ಮೊಣಕಾಲ ತನಕ ಬಾತು, ಜ್ವರ ಏರಿತು. ಉಳಿದ ಪೇಪರುಗಳು ಅಕ್ಕನಿಲ್ಲದೆ ನಡೆದವು. ಜ್ವರ ಇಳಿಯಿತು, ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. ಮುಂದಿನ ವರ್ಷ ಕೂಡು ಎಂದು ಅಪ್ಪ ಎಷ್ಟೋ ಹೇಳಿದ. ಅವಳು ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ನನಗೆ ಕೊಟ್ಟಳು. ಆ ಪುಸ್ತಕ ಓದಿ ಸಾಲೆಯ ಮಾಸ್ತರನಾದವನು ನಾನು.

ಈಗ ಆ ಬಾವಿಯ ಮೆಟ್ಟಿಲಿಗೆ ಅಡ್ಡಗೋಡೆ ಎದ್ದಿದೆ, ಬಾಯಿಗೆ ಕಬ್ಬಿಣದ ಜಾಳಿಗೆ ಇದೆ. ನಾರುಹುಣ್ಣು ನಮ್ಮ ದೇಶದಿಂದಲೇ ಹೋಯಿತು. ಅದಕ್ಕೆ ಲಸಿಕೆ ಇರಲಿಲ್ಲ. ಬಟ್ಟೆಯ ತುಂಡು, ಮುಚ್ಚಿದ ಬಾವಿ, ಬೈಸಿಕೊಂಡರೂ ಮತ್ತೆ ಬಾಗಿಲಿಗೆ ಬಂದ ಮಾಸ್ತರರಂಥವರು, ಇಷ್ಟರಿಂದಲೇ ಹೋಯಿತು. ನೀವು ನಲ್ಲಿ ತಿರುವುತ್ತೀರಿ, ಸಾಲೆಯ ಬಾಟಲಿಯಲ್ಲಿ ಉಳಿದ ನೀರನ್ನು ಗಿಡಕ್ಕೆ ಚೆಲ್ಲುತ್ತೀರಿ. ಹಾಗೆಯೇ ಇರಲಿ. ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನಾನು ನೋಡುವಾಗ, “ಅಜ್ಜಾ, ಏನ್ ಹುಡಕಾಕತ್ತಿ?” ಎಂದು ನೀವು ನಗುತ್ತೀರಲ್ಲ, ಅದಕ್ಕೆ ಇದನ್ನು ಬರೆದೆ.

ಅಕ್ಕ ಹೋಗಿ ಮೂರು ವರ್ಷವಾಯಿತು. ಅವಳು ಹೊಲದಲ್ಲಿ ನಿಜವಾಗಿಯೂ ಕುಡಿದಿದ್ದಳೋ, ಇಲ್ಲ ಬೇವಿನ ಹೂವು ತರುವಾಗ ತಿರುಗಿ ನೋಡಿ, ನನ್ನ ಕೈಯಲ್ಲಿದ್ದ ಬಟ್ಟೆಯನ್ನು ಕಂಡಿದ್ದಳೋ. ಕೇಳಲು ಇಡೀ ಜನ್ಮ ಇತ್ತು. ಕೇಳಲಿಲ್ಲ. ಈಗ ನನಗೆ ಗೊತ್ತಿಲ್ಲ.