ಉಡಚವ್ವ ಕಾವಿಗೆ ಕೂತಾಗ

ನನ್ನ ಗಂಡನ ಹೆಸರು ಹೂವಪ್ಪ. ಅವರು ಬದುಕಿರುವಾಗ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಹೇಳಿದರೆ ಏನೂ ಆಗುವುದಿಲ್ಲ. ಆಗುವುದೆಲ್ಲ ಆಗಿದೆ.

ನಮ್ಮೂರು ಹಾನಗಲ್ಲಿನ ಹತ್ತಿರ. ಸುಗ್ಗಿಯಲ್ಲಿ ಅವರು ಗೋವಿನಜೋಳದ ರಾಶಿ ಮಾಡುವ ಮಷಿನ್ನಿನ ಜೊತೆ ಕೂಲಿಗೆ ಹೋಗುತ್ತಿದ್ದರು. ಉಳಿದ ದಿನ ಸಿಕ್ಕ ಕೆಲಸ. ಆದರೆ ಯಾರಾದರೂ ಏನು ಮಾಡಿಕೊಂಡಿದ್ದೀಯಪ್ಪ ಎಂದು ಕೇಳಿದರೆ ಕೋಳಿ ಸಾಕುತ್ತೇನೆ ಅನ್ನುತ್ತಿದ್ದರು. ಆ ಕೋಳಿಗಳಿಂದ ಮನೆಗೆ ಬಂದದ್ದು ಹೆಚ್ಚಾಗಿ ಹಿಕ್ಕೆ. ಅದನ್ನು ಬಳಿದವಳು ನಾನು.

ಹೂವಪ್ಪಗ ಕೋಳಿ ಅಂದ್ರ ಜೀವ ಎಂದು ಊರೆಲ್ಲ ಹೇಳುತ್ತಿತ್ತು. ಅದು ಖರೆ. ಆದರೆ ಒಬ್ಬೊಬ್ಬರು ಅದನ್ನು ಒಂದೊಂದು ಥರ ತಿಳಿದುಕೊಂಡಿದ್ದರು. ಬೇರೆಯವರ ಮನೆಯಲ್ಲಿ ಕೋಳಿ ಸಾರನ್ನು ಅವರು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರು. ನಮ್ಮ ಮನೆಯ ಕೋಳಿ ಕೊಯ್ದ ದಿನ ಮಾತ್ರ ಅವರಿಗೆ ಹೊಟ್ಟೆನೋವು. ಚಟ್ನಿಯಲ್ಲಿ ರೊಟ್ಟಿ ತಿಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಸಾರು ಮಾಡಿದ ನಾನು ಕೊಲೆ ಮಾಡಿದವಳ ಹಾಗೆ ಒಬ್ಬಳೇ ಕೂತು ಉಣ್ಣುತ್ತಿದ್ದೆ.

ಕೋಳಿ ಕಾವಿಗೆ ಕೂರಿಸುವುದೆಂದರೆ ಮನೆಯಲ್ಲಿ ಲಗ್ನ ನಡೆದ ಹಾಗೆ. ಒಂದೊಂದೇ ತತ್ತಿಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಳಗೆ ಏನು ಕಾಣುತ್ತಿತ್ತೋ, ಕೆಲವನ್ನು ತಲೆಯಾಡಿಸಿ ಪಕ್ಕಕ್ಕೆ ಇಡುತ್ತಿದ್ದರು. ಅವು ಪಲ್ಯಕ್ಕೆ. ಆರಿಸಿದ ತತ್ತಿಗಳನ್ನು ನನ್ನ ಸೆರಗಿನಲ್ಲೇ ಪುಟ್ಟಿಯ ತನಕ ಒಯ್ಯಬೇಕು. ಗಂಡಸರ ಟವೆಲ್ಲಿನಲ್ಲಿ ಒಯ್ದರೆ ಬರೀ ಹುಂಜ ಹುಟ್ಟುತ್ತವೆ ಎಂದು ಅವರ ನಂಬಿಕೆ. ಒಯ್ಯುವಾಗ ನಾನು ಮಾತಾಡಬಾರದು. ಹುಲ್ಲು ಹಾಸಿದ ಪುಟ್ಟಿಯಲ್ಲಿ ಸಿಡಿಲಿಗೆ ತತ್ತಿ ಕೆಡದಿರಲೆಂದು ಒಂದು ಮುರಿದ ಕುಡುಗೋಲು ಇಡುತ್ತಿದ್ದರು. ಒಮ್ಮೆ ನಾನು ಸೀನಿದೆ. ಅಷ್ಟೂ ತತ್ತಿಯನ್ನು ವಾಪಸ್ ಒಯ್ದು ಮತ್ತೆ ಮೊದಲಿನಿಂದ ತಂದೆವು.

ಇಷ್ಟೆಲ್ಲ ತಿಳಿದವರು ಸವಣೂರ ಸಂತೆಯಿಂದ ಒಂದು ಪಡ್ಡೆ ಹುಂಜ ತಂದರು. ಕೆಂಪು ಜುಟ್ಟು, ಎತ್ತರದ ಕಾಲು. ಅದಕ್ಕೆ ನವಾಬ ಎಂದು ಹೆಸರಿಟ್ಟು ಓಣಿಯವರನ್ನೆಲ್ಲ ಕರೆದು ತೋರಿಸಿದರು. ನೋಡ್ರಿ ಕುತ್ತಿಗಿ, ನೋಡ್ರಿ ನಡಿಗಿ ಅಂದರು. ತಿಂಗಳಾದ ಮೇಲೆ ನವಾಬ ಕಟ್ಟಿಗೆಯ ಸಂದಿಯಲ್ಲಿ ತತ್ತಿ ಇಟ್ಟ. ಪಕ್ಕದ ಮನೆಯ ಚೌಡವ್ವ ಗೋಡೆಯ ಮೇಲಿಂದಲೇ, ಬಾಣಂತಿಗೆ ಅಳವಿ ಪಾಯಸ ಕಾಸೂಣೇನ ಹೂವಣ್ಣ, ಎಂದು ಕೇಳಿದಳು. ಅವರು ಜಗ್ಗಲಿಲ್ಲ. ಅದು ಕೊನೆತನಕ ನವಾಬನೇ. ನವಾಬ ಮೂರು ಸಲ ಮರಿ ಮಾಡಿದ.

ಹೆಸರಿಡುವುದು ಅವರ ಇನ್ನೊಂದು ಚಟ. ಅಂಜಿಕೆ ಹುಟ್ಟಿಸುವ ಕೋಳಿಗೆ ಅಂಜಿಕೆ ಹುಟ್ಟಿಸುವ ಹೆಂಗಸಿನ ಹೆಸರು. ಕಪ್ಪು ಹೇಂಟೆಯೊಂದಿತ್ತು. ಪುಟ್ಟಿಯ ಹತ್ತಿರ ಕೈ ಒಯ್ದರೆ ರಕ್ತ ಬರುವ ಹಾಗೆ ಕುಕ್ಕುತ್ತಿತ್ತು. ನಾಯಿಯನ್ನು ಓಣಿಯ ತುದಿಯ ತನಕ ಅಟ್ಟಿಸಿಕೊಂಡು ಹೋಗುತ್ತಿತ್ತು. ಅದಕ್ಕೆ ಉಡಚವ್ವ ಎಂದು ಇಟ್ಟರು. ಉಡಚವ್ವ ಅವರ ಸ್ವಂತ ಅಕ್ಕ. ಶಿಗ್ಗಾವಿ ಕಡೆ ತಡಸಕ್ಕೆ ಕೊಟ್ಟಿದ್ದಾರೆ. ಅವಳು ಬಂದಾಗಲೆಲ್ಲ ನಾವು ಆ ಕೋಳಿಯನ್ನು ಶ್ಶ್ ಎಂದು ಕರೆಯುತ್ತಿದ್ದೆವು.

ನನ್ನ ಹೆಸರು ಯಾಕೆ ಯಾವುದಕ್ಕೂ ಇಡಲಿಲ್ಲ ಎಂದು ಒಮ್ಮೆ ಕೇಳಿದೆ.

“ಕರೆವ್ವ ಅಂತ ಕೂಗಿದ್ರ ಕೋಳಿ ಬಂದ್ರ ಏನ್ ಮಾಡ್ಲಿ?” ಅಂದರು.

ಉಡಚವ್ವನನ್ನು ಕಾವಿಗೆ ಕೂರಿಸಿದ ವಾರವೇ ಅವರು ತೀರಿಕೊಂಡರು. ರಾಶಿಯ ಹತ್ತಿರ ನಿಂತಿದ್ದವರು ಕೂತರು. ಕೂತವರು ಏಳಲಿಲ್ಲ. ಟ್ರ್ಯಾಕ್ಟರಿನಲ್ಲಿ ಮನೆಗೆ ತಂದರು. ಅಂಗಿಯ ಕಿಸೆಯಲ್ಲಿ ಕೋಳಿಗೆಂದು ಹಾಕಿಕೊಂಡ ಗೋವಿನಜೋಳ ಇತ್ತು.

ಆ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಅತ್ತವರೆಲ್ಲ ಮನೆಗೆ ಹೋದ ಮೇಲೆ ಹಿತ್ತಲಿಗೆ ಹೋದೆ. ಹೇಂಟೆ ಕೂತಲ್ಲೇ ಕೂತಿತ್ತು. ಅವರು ಕೈಯಾರೆ ಇಟ್ಟ ತತ್ತಿಗಳು ಅದರ ಕೆಳಗೆ ಬೆಚ್ಚಗಿದ್ದವು. ಅವರು ಶುರು ಮಾಡಿ ಮುಗಿಸದೆ ಹೋದ ಕೆಲಸ ಅದೊಂದೇ. ಅದು ಮುಗಿಯಬೇಕು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೇರೆ ಯಾವುದೂ ಬೇಡವಾಗಿತ್ತು, ಅನ್ನವೂ.

ಅವರ ದಿವಸ ಮಾಡುವ ದಿನ ಬಂತು. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಎಡೆ ಇಡುತ್ತಾರೆ. ಕಾಗೆ ಬಂದು ಮುಟ್ಟಿದ ಮೇಲೆಯೇ ಮಂದಿಗೆ ಊಟ. ಎಲ್ಲದಕ್ಕೂ ಮುಂದೆ ನಿಂತವನು ನನ್ನ ಮೈದುನ ಗುತ್ತೆಪ್ಪ. ಮಂದಿಗೆ ಬ್ರಾಯ್ಲರ್ ತರಿಸಿದ್ದ. ಎಡೆಗೆ ಮಾತ್ರ ಮನೆಯ ಕೋಳಿಯೇ ಆಗಬೇಕು ಅಂದ. ಆದರೆ ಅಷ್ಟು ಮಂದಿಯನ್ನು ನೋಡಿ ನವಾಬ ಮೊದಲ್ಗೊಂಡು ಕೋಳಿಗಳೆಲ್ಲ ಹುಣಸೆಮರ ಹತ್ತಿ ಕೂತಿದ್ದವು. ಗುತ್ತೆಪ್ಪನ ಹೊಟ್ಟೆ ಮರ ಹತ್ತುವ ಹೊಟ್ಟೆಯಲ್ಲ. ಕೈಗೆ ಸಿಗುವಂತಿದ್ದದ್ದು ಕಾವಿಗೆ ಕೂತದ್ದು ಒಂದೇ.

ಬೇಡ ಅಂದೆ. ಅವರು ಮನೆಯ ಕೋಳಿ ತಿನ್ನುತ್ತಿರಲಿಲ್ಲ ಎಂದೂ ಹೇಳಿದೆ.

“ವೈನಿ, ಅಣ್ಣಗ ಕೋಳಿ ಅಂದ್ರ ಜೀವ. ಇಡೀ ಊರಿಗೆ ಗೊತ್ತೈತಿ,” ಅಂದ.

ಊರಿಗೆ ಗೊತ್ತಿದ್ದಷ್ಟೇ ಅವನಿಗೂ ಗೊತ್ತಿತ್ತು. ಗಂಡನ ದಿವಸದಲ್ಲಿ ಹೆಂಡತಿಯ ಮಾತು ಯಾರೂ ಕೇಳುವುದಿಲ್ಲ. ಅತ್ತರೆ ಸಾಕು ಅವರಿಗೆ. ನಾನು ಅಡುಗೆಮನೆಗೆ ಹೋಗಿ ಹೆಂಗಸರ ನಡುವೆ ಕೂತೆ. ನಾದಿನಿ ಉಡಚವ್ವ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಅಷ್ಟರಲ್ಲಿ ನನ್ನ ಮಗಳು ರಾಜಶ್ರೀ ಓಡಿ ಬಂದಳು. ಚಿಕ್ಕೇರೂರಿಗೆ ಲಗ್ನ ಮಾಡಿಕೊಟ್ಟರೂ ಅವಳಿಗೆ ಎಲ್ಲಿ ಏನು ಮಾತಾಡಬೇಕು ಎಂದು ಇನ್ನೂ ತಿಳಿದಿಲ್ಲ.

“ಅವ್ವಾ, ಕಾಕಾ ಚಾಕು ಮಸಿಯಾಕತ್ತಾನ. ಉಡಚವ್ವನ್ನ ಕೊಯ್ತಾನಂತ.”

ನಾದಿನಿ ಈಳಿಗೆ ಬದಿಗೆ ಸರಿಸಿದಳು.

“ಯಾರನ್ನ?”

ನಾನೇ ಹೇಳಬೇಕಾಯಿತು. ಕೋಳಿಯ ಹೆಸರು ಅಕ್ಕಾರ, ಅಂದೆ. ಅವಳು ಎದ್ದು ಹಿತ್ತಲಿಗೆ ನಡೆದಳು. ಹೆಂಗಸರೆಲ್ಲ ಹಿಂದೆ. ಪುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೋಳಿಯನ್ನು ನೋಡಿದಳು. ಕೋಳಿ ಪುಕ್ಕ ಉಬ್ಬಿಸಿ ಕರ್‍ರ್ ಅಂದಿತು. ಇಬ್ಬರೂ ಕಣ್ಣು ಮಿಟುಕಿಸಲಿಲ್ಲ. ನೋಡುವವರಿಗೆ ಹೆಸರು ಸರಿಯಾಗಿದೆ ಎಂದು ತಿಳಿಯಿತು. ಯಾರೂ ಹೇಳಲಿಲ್ಲ ಅಷ್ಟೇ.

ನನ್ನ ಹೆಸರು ಯಾಕೆ ಇಟ್ಟ ಎಂದು ಕೇಳಿದಳು. ಯಾರಿಗೂ ಅಂಜುವುದಿಲ್ಲ ಅದಕ್ಕೆ ಅಂದೆ. ಅರ್ಧ ಖರೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಉಳ್ಳಾಗಡ್ಡಿಯೂ ಇರಬಹುದು. ಆಮೇಲೆ ಗುತ್ತೆಪ್ಪನ ಕಡೆ ತಿರುಗಿದಳು.

“ನನ್ನ ಹೆಸರಿನ ಕುತ್ತಿಗಿ ಮ್ಯಾಲೆ ಚಾಕು ಇಡ್ತೀಯೇನ? ನಾ ಇನ್ನೂ ಜೀವಂತ ಅದೇನಿ.”

ಬದುಕಿರುವವರ ಹೆಸರಿನದನ್ನು ಸತ್ತವರಿಗೆ ಎಡೆ ಇಟ್ಟರೆ ಅವರೂ ಹಿಂದೆಯೇ ಹೊರಡುತ್ತಾರೆ ಎಂದು ಮುದುಕಿಯರು ಅಂದರು. ಗುತ್ತೆಪ್ಪ ಯೋಚನೆ ಮಾಡಿದ.

“ಹೆಸರು ಬದಲಿ ಮಾಡೂಣ ತಗಿ ಅಕ್ಕಾ. ಇವತ್ತಿಂದ ಇದು ಚೌಡವ್ವ.”

ಗೋಡೆಯ ಆಚೆ ಚೌಡವ್ವ ನಿಂತಿದ್ದಳು. ಅವಳು ಯಾವಾಗಲೂ ನಿಂತಿರುತ್ತಾಳೆ. ನಿನ್ನ ಹೆಸರೇ ಇಟ್ಟುಕೋ, ಎರಡು ಮನೆಗೆ ಸಾಲುವಷ್ಟು ಮಾಂಸ ಆಗುತ್ತದೆ ಅಂದಳು. ಗುತ್ತೆಪ್ಪನಿಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಬ್ರಾಯ್ಲರಿನದೇ ಎಡೆ ಇಡುವುದು. ಕಾಗೆ ಮುಟ್ಟಿದರೆ ಸರಿ. ಮುಟ್ಟದಿದ್ದರೆ ಅಣ್ಣನಿಗೆ ಮನೆಯ ಕೋಳಿಯೇ ಬೇಕು ಎಂದು ಅರ್ಥ. ಆಗ ಯಾರ ಹೆಸರೂ ಕೇಳುವುದಿಲ್ಲ. ಮುದುಕಿಯರೂ ಹೂಂ ಅಂದರು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಲೆ ಹಾಕಿದರು. ಅನ್ನ, ರೊಟ್ಟಿ, ಬ್ರಾಯ್ಲರ್ ಸಾರು, ಬದನೆಕಾಯಿ ಪಲ್ಯ. ನಾವೆಲ್ಲ ದೂರ ನಿಂತೆವು. ಗುತ್ತೆಪ್ಪ ಕಾ ಕಾ ಎಂದು ಕರೆದ. ಅವನ ದನಿಗೆ ಹತ್ತಿರವಿದ್ದ ಒಂದು ಕಾಗೆಯೂ ಹಾರಿಹೋಯಿತು. ಮತ್ತೆ ಎರಡು ಬಂದವು. ಅವು ಯಾವಾಗಲೂ ಕೂರುವ ಹುಣಸೆಮರದಲ್ಲಿ ಕೋಳಿಗಳು ತುಂಬಿದ್ದವು. ನವಾಬ ಒಂದು ಕಾಗೆಯನ್ನು ಕುಕ್ಕಿ ಓಡಿಸಿದ. ಇನ್ನೊಂದು ತಂತಿಯ ಮೇಲೆ ಕೂತು ಎಡೆಯನ್ನು ನೋಡಿತು, ನಮ್ಮನ್ನು ನೋಡಿತು, ಸುಮ್ಮನಾಯಿತು.

ಬಿಸಿಲು ಏರಿತು. ಬಂದ ಮಂದಿ ಮೊದಲು ಅವರ ಗುಣಗಾನ ಮಾಡಿದರು. ಆಮೇಲೆ ಹಸಿವಿನ ಮಾತಾಡಿದರು. ಹಿರೇಕೆರೂರಿಗೆ ಹೋಗುವ ಬಸ್ಸಿನ ಚಿಂತೆ ಕೆಲವರಿಗೆ. ಎಡೆಗೆ ಬ್ರಾಯ್ಲರ್ ಬೇಡ ಅಂತ ತಾನು ಮೊದಲೇ ಹೇಳಿದ್ದಾಗಿ ಗುತ್ತೆಪ್ಪ ಎಲ್ಲರಿಗೂ ಹೇಳಿಕೊಂಡು ಬಂದ. ತಂತಿಯ ಕಾಗೆಯೂ ಎದ್ದುಹೋಯಿತು. ಅವನು ಚಾಕು ತೆಗೆದುಕೊಂಡ.

ನಾನು ಹೋಗಿ ಪುಟ್ಟಿಗೆ ಅಡ್ಡ ನಿಂತೆ. ನಿಂತೆ ಅಷ್ಟೇ. ವೈನಿ ಸರಿಯಿರಿ ಅಂದ. ಸರಿಯಲಿಲ್ಲ.

ಆಗ ನನ್ನ ಕಾಲಿನ ಸಂದಿಯಿಂದ ಕೋಳಿ ಎದ್ದು ಹೊರಗೆ ಬಂತು. ಕಾವಿಗೆ ಕೂತದ್ದು ದಿನಕ್ಕೊಮ್ಮೆ ಏಳುತ್ತದೆ, ಕಾಳು ತಿಂದು ನೀರು ಕುಡಿದು ವಾಪಸ್ ಕೂರುತ್ತದೆ. ಅವರು ಅದಕ್ಕೆ ಕಾಳು ಹಾಕುತ್ತಿದ್ದದ್ದು ಆ ಒಗೆಯುವ ಕಲ್ಲಿನ ಮೇಲೆಯೇ. ಅವರು ಹೋದ ಮೇಲೆ ನಾನೂ ಅಲ್ಲೇ ಹಾಕುತ್ತಿದ್ದೆ. ಅದಕ್ಕೇನು ಗೊತ್ತು ದಿವಸ, ಎಡೆ. ನೆಟ್ಟಗೆ ಹೋಗಿ ಕಲ್ಲು ಹತ್ತಿ ಅನ್ನಕ್ಕೆ ಬಾಯಿ ಹಾಕಿತು. ರೊಟ್ಟಿ ಕುಕ್ಕಿತು. ಬ್ರಾಯ್ಲರ್ ತುಂಡನ್ನು ಕಾಲಿನಿಂದ ಕೆದರಿ ಕೆಳಗೆ ಬೀಳಿಸಿತು.

ಮೊದಲು ಬಾಯಿ ಬಿಟ್ಟವನು ಗುತ್ತೆಪ್ಪ. ಇದು ಕಾಗೆಯಲ್ಲ ಅಂದ.

“ರೆಕ್ಕಿ ಐತಿಲ್ಲೋ? ಕರ್ರಗ ಐತಿಲ್ಲೋ?” ಎಂದು ನಾದಿನಿ ಕೇಳಿದಳು. “ತಮ್ಮನ ಎಡಿ ಉಡಚವ್ವ ಉಂಡಾಳ. ಇನ್ನ ನೀವೂ ಉಣ್ರಿ.”

ಗುತ್ತೆಪ್ಪ ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಮಂದಿ ಎಲೆ ಹಾಕಿಕೊಂಡು ಸಾಲಾಗಿ ಕೂತಾಗಿತ್ತು. ಹಸಿದವರ ಮುಂದೆ ಶಾಸ್ತ್ರ ಹೇಳಲು ಅವನಿಗೂ ಧೈರ್ಯ ಬರಲಿಲ್ಲ. ಎಡೆ ಉಂಡದ್ದನ್ನು ಕೊಯ್ದರೆ ಅಣ್ಣನ ಬಾಯಿಂದ ಕಿತ್ತುಕೊಂಡ ಹಾಗೆ ಎಂದು ಮುದುಕಿಯರು ಈಗ ಅನ್ನತೊಡಗಿದ್ದರು. ಅವನು ಚಾಕು ತೊಳೆದಿಟ್ಟು ತಾನೂ ಉಂಡ. ಚೆನ್ನಾಗಿಯೇ ಉಂಡ.

ಕೋಳಿ ನೀರು ಕುಡಿದು ವಾಪಸ್ ಪುಟ್ಟಿಗೆ ಬಂತು. ಅದು ಕೂರುವ ಮೊದಲು ತತ್ತಿ ಮುಟ್ಟಿ ನೋಡಿದೆ. ಬಿಸಿ ಇತ್ತು.

ಬಂದವರೆಲ್ಲ ಹೋದರು. ನಾದಿನಿ ಹೋಗಲಿಲ್ಲ. ಮರಿ ಆಗುವ ತನಕ ತಡಸಕ್ಕೆ ಹೋಗುವುದಿಲ್ಲ ಅಂದಳು. ಬೆಳಗ್ಗೆ ಎದ್ದು ಮೊದಲು ಪುಟ್ಟಿ ನೋಡುತ್ತಿದ್ದಳು. ಕೋಳಿ ಅವಳನ್ನು ಎರಡು ಸಲ ಕುಕ್ಕಿತು. ನನಗೆ ಹೇಳಲಿಲ್ಲ. ಕೈಗೆ ಅರಿಶಿನ ಮೆತ್ತಿಕೊಂಡಿದ್ದು ಕಂಡೆ.

ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವಳು ಹಿತ್ತಲಿನಿಂದ ಕೂಗಿದಳು. ಹೋಗಿ ನೋಡಿದರೆ ಒಂದು ತತ್ತಿ ಬಿರುಕು ಬಿಟ್ಟಿತ್ತು. ಒಳಗಿನಿಂದ ಮರಿ ಕುಟ್ಟುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಕುಟ್ಟುತ್ತಿತ್ತು. ನಾದಿನಿಗೆ ತಡೆಯಲಾಗಲಿಲ್ಲ. ಸಿಪ್ಪೆ ಬಿಡಿಸಲು ಕೈ ಹಾಕಿದಳು. ಹಿಟ್ಟಿನ ಕೈಯಲ್ಲೇ ಅವಳ ಕೈಗೆ ಹೊಡೆದೆ. ಲಗ್ನವಾದಂದಿನಿಂದ ಅವಳ ಎದುರು ದನಿ ಎತ್ತಿದವಳಲ್ಲ ನಾನು.

“ಅದರಷ್ಟಕ್ಕ ಅದು ಬರಬೇಕ್ರಿ ಅಕ್ಕಾರ. ನಾವು ತಗದ್ರ ಬದುಕೂದಿಲ್ಲ.”

ಅವಳು ಕೈ ಹಿಂದೆ ತೆಗೆದುಕೊಂಡಳು. ಇಬ್ಬರೂ ಕೂತೆವು. ಒಲೆಯ ಮೇಲೆ ರೊಟ್ಟಿ ಸೀದು ಹೋಯಿತು.

ಸಂಜೆಯ ಹೊತ್ತಿಗೆ ಎರಡು ಬಿಟ್ಟು ಎಲ್ಲ ಮರಿಯಾದವು. ಆ ಎರಡನ್ನು ಮಾರನೇ ದಿನದ ತನಕ ಬಿಟ್ಟು ನೋಡಿದೆ. ಆಗಲಿಲ್ಲ. ತಿಪ್ಪೆಯಲ್ಲಿ ಹೂತೆ. ಉಳಿದವು ಚಿಂವ್ ಚಿಂವ್ ಎಂದು ಹಿತ್ತಲೆಲ್ಲ ಓಡಾಡುತ್ತಿದ್ದವು. ಅವಕ್ಕೆ ಬಾಯಿಗೆ ಹಿಡಿಯುವ ಹಾಗೆ ನುಚ್ಚು ಒಡೆಯಬೇಕಿತ್ತು. ಬೀಸುಕಲ್ಲು ತೊಳೆದು ಒಡೆಯಲು ಕೂತೆ.